ಪಂಪಿಂಗ್ 30 ಇದೆ ಎಂದಿದ್ದಾರೆ, ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಪ್ರಶ್ನೆ: ನಮ್ಮ ಮಾವನವರಿಗೆ 64 ವರ್ಷ. ದಮ್ಮು ಹೆಚ್ಚಾಗಿ, ಕಾಲು ಬಾತು, ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ 6 ದಿನ ಇದ್ದು ಬಂದರು. ಎಕೋ ಮಾಡಿ, ಪಂಪಿಂಗ್ 30 ಇದೆ, ಹಾರ್ಟ್ ಫೇಲ್ಯೂರ್ ಎಂದು ಹೇಳಿದ್ದಾರೆ. 7 ಬಗೆಯ ಮಾತ್ರೆ ಬರೆದುಕೊಟ್ಟು, ಉಪ್ಪು, ನೀರು ಕಡಿಮೆ ಮಾಡಿ ಎಂದಿದ್ದಾರೆ. ಈಗ ಅವರು ಆರಾಮಾಗಿದ್ದು ಗದ್ದೆಗೆ ಹೋಗುತ್ತೇನೆ ಎನ್ನುತ್ತಿದ್ದಾರೆ. ಮತ್ತೆ ಆಸ್ಪತ್ರೆ ಸೇರುವಂತಾಗದಿರಲು ಮನೆಯಲ್ಲಿ ನಾವು ಏನೇನು ನೋಡಿಕೊಳ್ಳಬೇಕು?
(ಓದುಗರೊಬ್ಬರು, ಹರಿಹರ ತಾಲ್ಲೂಕು)

ಉತ್ತರ: ಮೊದಲು ಆ 30ರ ಲೆಕ್ಕವನ್ನು ತಿಳಿದುಕೊಳ್ಳೋಣ. ಇದು ಪರೀಕ್ಷೆಯ ಅಂಕದಂತೆ ನೂರಕ್ಕೆ ಮೂವತ್ತಲ್ಲ. ಆರೋಗ್ಯವಂತರ ಹೃದಯವೂ ತನ್ನ ಎಡ ಕೋಣೆಯಲ್ಲಿ ತುಂಬಿಕೊಂಡ ರಕ್ತವನ್ನೆಲ್ಲ ಒಂದೇ ಬಡಿತಕ್ಕೆ ಹೊರಗೆ ತಳ್ಳುವುದಿಲ್ಲ. ಸುಮಾರು ಶೇ 55ರಿಂದ 70ರಷ್ಟನ್ನು ಮಾತ್ರ ತಳ್ಳುತ್ತದೆ. ಆದ್ದರಿಂದ ನಿಮ್ಮ ಮಾವನವರ ಹೃದಯ ಮಾಡಬೇಕಾದ ಕೆಲಸದ ಅರ್ಧದಷ್ಟನ್ನು ಮಾಡುತ್ತಿದೆಯೇ ಹೊರತು, ಮನೆಗೆ ನೋಡಲು ಬಂದವರು ಹೇಳುವಂತೆ ಅದರ ಎಪ್ಪತ್ತು ಭಾಗ ಸತ್ತುಹೋಗಿಲ್ಲ. ಸರಿಯಾದ ಔಷಧಿಯಿಂದ ಕೆಲವು ತಿಂಗಳುಗಳಲ್ಲಿ ಈ ಸಂಖ್ಯೆ ಏರಿದ ರೋಗಿಗಳು ಬೇಕಾದಷ್ಟಿದ್ದಾರೆ. ಹಾಗೆಯೇ, ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ, ಹೃದಯಾಘಾತವೂ ಅಲ್ಲ. ಹಳೆಯ ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಕವಾಟದ ದೋಷ ಮುಂತಾದವುಗಳಿಂದ ಹೃದಯದ ಸ್ನಾಯು ಸೋತಿರುವ ಸ್ಥಿತಿ ಅದು. ವಯಸ್ಸಿನ ವಿಷಯದಲ್ಲಿಯೂ ನಿಮ್ಮ ಮಾವನವರು ಒಂಟಿಯಲ್ಲ. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಈ ಕಾಯಿಲೆಗಾಗಿ ದಾಖಲಾದ 1,205 ರೋಗಿಗಳನ್ನು ಅಧ್ಯಯನ ಮಾಡಿದಾಗ ಅವರ ಸರಾಸರಿ ವಯಸ್ಸು 61ರ ಆಸುಪಾಸಿನಲ್ಲಿತ್ತು.

ಕಾಲು ಬಾತದ್ದು ಏಕೆ ಎಂಬುದು ತಿಳಿದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಭದ್ರಾ ನಾಲೆಯ ಕೊನೆ ಭಾಗದ ರೈತರ ಪಾಡು ನಿಮ್ಮ ತಾಲ್ಲೂಕಿಗೆ ಹೊಸದಲ್ಲ: ಮೇಲಿನಿಂದ ನೀರು ಸಾಲದೆ ಬಂದಾಗ, ಬಂದಷ್ಟನ್ನು ಹೊರಗೆ ಹೋಗಗೊಡದೆ ಬದು ಕಟ್ಟಿ ಹಿಡಿದಿಟ್ಟುಕೊಳ್ಳುತ್ತಾರೆ. ಮೂತ್ರಪಿಂಡಗಳೂ ಅದನ್ನೇ ಮಾಡುತ್ತವೆ. ಹೃದಯ ದುರ್ಬಲವಾಗಿ ತಮಗೆ ರಕ್ತ ಸಾಲದೆ ಬಂದಾಗ, ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂದು ಭಾವಿಸಿ, ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಬಿಡದೆ ಒಳಗೇ ಉಳಿಸಿಕೊಳ್ಳುತ್ತವೆ. ಹಾಗೆ ಉಳಿದ ನೀರು ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಆ 6 ದಿನಗಳಲ್ಲಿ ಮುಖ್ಯವಾಗಿ ನಡೆದದ್ದು ಈ ನೀರನ್ನು ತೆಗೆಯುವ ಕೆಲಸ. ನೀರು ಹೋಯಿತು, ದಮ್ಮು ಇಳಿಯಿತು. ಆದರೆ ನೀರು ಸೇರಲು ಕಾರಣವಾದ ಹೃದಯ ಅದೇ ಇದೆ. ಅವರು ಆರಾಮಾಗಿರುವುದು ಸಂತೋಷವೇ ಆದರೂ, ಕಾಯಿಲೆ ವಾಸಿಯಾಯಿತೆಂದು ಮನೆಯವರು ತಿಳಿಯುವುದರಿಂದಲೇ ಎಷ್ಟೋ ರೋಗಿಗಳು ತಿಂಗಳೊಳಗೆ ಮತ್ತೆ ಅದೇ ವಾರ್ಡಿಗೆ ಹೋಗುತ್ತಾರೆ.

ಆದಕಾರಣ ನೀವು ಮೊದಲು ಕೊಳ್ಳಬೇಕಾದದ್ದು ಹಣ್ಣು, ಪುಷ್ಟಿಯ ಪುಡಿಗಳನ್ನಲ್ಲ, ಒಂದು ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ದೇಹದಲ್ಲಿ ನೀರು ಸೇರತೊಡಗಿದರೆ, ಕಾಲು ಬಾಯುವುದಕ್ಕೂ ಉಸಿರು ಕಟ್ಟುವುದಕ್ಕೂ ಎಷ್ಟೋ ದಿನ ಮುಂಚೆ ತೂಕ ಅದನ್ನು ಹೇಳಿಬಿಡಬಹುದು. ದಿನವೂ ಬೆಳಿಗ್ಗೆ ಎದ್ದು, ಮೂತ್ರ ಮಾಡಿ ಬಂದ ಮೇಲೆ, ಚಹಾ ಕುಡಿಯುವ ಮೊದಲು, ಒಂದೇ ಬಗೆಯ ಹಗುರ ಬಟ್ಟೆಯಲ್ಲಿ ತೂಕ ನೋಡಬೇಕು. ಯಂತ್ರ ಗಟ್ಟಿಯಾದ ಸಮತಟ್ಟು ನೆಲದ ಮೇಲಿರಬೇಕು. ಚಾಪೆಯ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಆಸ್ಪತ್ರೆಯ ಯಂತ್ರಕ್ಕೂ ನಿಮ್ಮದಕ್ಕೂ ವ್ಯತ್ಯಾಸವಿರಬಹುದಾದ್ದರಿಂದ, ಬಾವಿಲ್ಲದ ಈ ದಿನಗಳಲ್ಲಿ ಮನೆಯ ಯಂತ್ರ ತೋರಿಸುವ ತೂಕವನ್ನೇ ಆಧಾರವಾಗಿಟ್ಟುಕೊಳ್ಳಿ. ಮೂರು ದಿನಗಳೊಳಗೆ 2 ಕಿಲೋಗಿಂತ ಹೆಚ್ಚು ಏರಿದರೆ, ಅವರಿಗೆ ಏನೂ ತೊಂದರೆ ಅನ್ನಿಸದಿದ್ದರೂ, ಆ ದಿನವೇ ವೈದ್ಯರಿಗೆ ತಿಳಿಸಬೇಕು. ಎರಡು ಹೊತ್ತು ಹೆಚ್ಚು ಉಂಡದ್ದರಿಂದ ಮೂರು ದಿನದಲ್ಲಿ ಅಷ್ಟು ಮಾಂಸ ಬೆಳೆಯುವುದಿಲ್ಲ, ಅದು ನೀರೇ. ಇದರ ಜೊತೆಗೆ ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆಯ ಮೇಲೆ ಬೆರಳನ್ನು ಕೆಲವು ಕ್ಷಣ ಒತ್ತಿ, ಗುಳಿ ಉಳಿಯುತ್ತದೆಯೇ ಎಂದು ನೋಡುವುದು, ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂದು ಕೇಳುವುದು, ಇಷ್ಟಿದ್ದರೆ ಸಾಕು. ನೆನ್ನೆಯವರೆಗೆ ಒಂದು ದಿಂಬಿಗೆ ಮಲಗುತ್ತಿದ್ದವರು ಇಂದು ಮೂರು ಕೇಳಿದರೆ, ಅಥವಾ ನಡುರಾತ್ರಿ ಉಸಿರು ಸಾಲದೆ ಎದ್ದು ಕಿಟಕಿಯ ಬಳಿ ಕುಳಿತರೆ, ಬೆಳಗಿನ ತೂಕಕ್ಕಾಗಿ ಕಾಯುವ ಅಗತ್ಯವಿಲ್ಲ.

ಈ ತೂಕವನ್ನು ಬರೆಯುವವರು ನೀವಾಗಬೇಡಿ, ಮಾವನವರೇ ಆಗಲಿ. ಸೊಸೆಯೋ ಮಗನೋ ಎಲ್ಲವನ್ನೂ ವಹಿಸಿಕೊಂಡ ಮನೆಗಳಲ್ಲಿ, ಅವರು ಮದುವೆಗೋ ಜಾತ್ರೆಗೋ ಎರಡು ದಿನ ಊರಿಗೆ ಹೋದಾಗ ಮಾತ್ರೆಯೂ ತಪ್ಪುತ್ತದೆ, ತೂಕವೂ ತಪ್ಪುತ್ತದೆ. ಗದ್ದೆಯ ಲೆಕ್ಕವನ್ನು ಇಷ್ಟು ವರ್ಷ ಬರೆದಿಟ್ಟವರಿಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ತೂಕ, ಬಾವು ಎಂದು ಬರೆಯುವುದು ಹೊರೆಯಲ್ಲ. ನಿಮ್ಮ ಪಾಲಿನದು ಸಂಜೆಗೊಮ್ಮೆ ಆ ಪುಟವನ್ನು ನೋಡುವುದು.

ಅಡುಗೆಮನೆ ಮಾತ್ರ ನಿಮ್ಮ ಕೈಯಲ್ಲಿದೆ ಎಂದು ಭಾವಿಸಿ ಉಪ್ಪಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಅದು ಮಟ್ಟವಾಗಿ ತುಂಬಿದ ಒಂದು ಟೀ ಚಮಚ. ‘ಕಡಿಮೆ ಹಾಕುತ್ತೇವೆ’ ಎಂಬ ಅಂದಾಜಿಗಿಂತ, ಅವರ ದಿನದ ಪಾಲನ್ನು ಬೆಳಿಗ್ಗೆಯೇ ಚಮಚಕ್ಕಿಂತ ಕೊಂಚ ಕಡಿಮೆ ಅಳೆದು ಒಂದು ಚಿಕ್ಕ ಬಟ್ಟಲಿನಲ್ಲಿ ಇಟ್ಟು, ಅವರ ಸಾರು, ಪಲ್ಯಗಳಿಗೆ ಅದರಿಂದಲೇ ಬಳಸುವುದು ಮೇಲು. ನಮ್ಮ ಕಡೆಯ ಜೋಳದ ರೊಟ್ಟಿಗೆ ಉಪ್ಪು ಬೇಡವೆಂಬುದು ದೊಡ್ಡ ಅನುಕೂಲ. ತೊಂದರೆ ಇರುವುದು ರೊಟ್ಟಿಯ ಪಕ್ಕದಲ್ಲಿ: ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ. ಇನ್ನು ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಬಿಡಿಸುವುದು ದಾವಣಗೆರೆ ಸೀಮೆಯಲ್ಲಿ ಸುಲಭವಲ್ಲವೆಂದು ಬಲ್ಲೆ. ಆದರೆ ಮಂಡಕ್ಕಿಯ ಅಕ್ಕಿಗೆ ಹುರಿಯುವ ಮೊದಲೇ ಉಪ್ಪು ಸೇರಿರುತ್ತದೆ, ಮಿರ್ಚಿಯ ಹಿಟ್ಟಿಗೆ ಉಪ್ಪಿನ ಜೊತೆ ಅಡುಗೆ ಸೋಡವೂ ಬೀಳುತ್ತದೆ, ಸೋಡದಲ್ಲಿರುವುದೂ ಸೋಡಿಯಮ್ಮೇ. ನೀರಿನಲ್ಲಿ ನೊರೆಗುಟ್ಟುವ ಗ್ಯಾಸ್ಟ್ರಿಕ್ ಪುಡಿಗಳಿಗೂ ಇದೇ ಮಾತು. ರುಚಿಗೆ ನಿಂಬೆಹುಳಿ, ಬೆಳ್ಳುಳ್ಳಿ, ಕೊತ್ತಂಬರಿ, ಕಾಳುಮೆಣಸು ಬಳಸಬಹುದು. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಮ್ಮಿನ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಮಾವನವರ ಮಾತ್ರೆಗಳಲ್ಲಿ ಕೆಲವು ರಕ್ತದ ಪೊಟ್ಯಾಸಿಯಮ್ಮನ್ನು ಏರಿಸುವಂಥವು. ಎರಡೂ ಕೂಡಿದರೆ ಹೃದಯದ ಲಯವೇ ತಪ್ಪಬಹುದು. ನೋಡಲು ಬಂದವರು ಪ್ರೀತಿಯಿಂದ ತರುವ ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿರುವುದರಿಂದ, ಅದನ್ನು ದಿನವೂ ಕುಡಿಸುವುದು ಬೇಡ.

ನೀರಿನ ಮಿತಿ ಎಲ್ಲ ರೋಗಿಗಳಿಗೂ ಒಂದೇ ಅಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದೂವರೆ ಲೀಟರ್ ಎಂದೋ ಎರಡು ಲೀಟರ್ ಎಂದೋ ಬರೆದಿದ್ದರೆ, ಚಹಾ, ಮಜ್ಜಿಗೆ, ಗಂಜಿ, ಸಾರು ಎಲ್ಲವೂ ಅದರೊಳಗೇ ಸೇರುತ್ತವೆ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ಮಿತಿಯನ್ನು ನೀವೇ ಊಹಿಸಿಕೊಂಡು, ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಬಾಯಾರಿದವರಿಗೆ ನೀರು ಕೊಡದಿರುವುದು ಅಪಾಯಕರ. ವಾಂತಿಭೇದಿಯಾಗಿ, ತೂಕ ಇಳಿದು, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತಿದ್ದರೆ ಅದು ನೀರು ಕಡಿಮೆಯಾದ ಲಕ್ಷಣ. ಅಂಥ ದಿನ, ದೇಹದ ನೀರನ್ನು ಹೊರಹಾಕುವ ‘ನೀರಿನ ಮಾತ್ರೆ’ಯನ್ನೂ ಇತರ ಕೆಲವು ಮಾತ್ರೆಗಳನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದಾದ್ದರಿಂದ, ಆಗಲೂ ಫೋನ್ ಮಾಡಿ ಕೇಳಲೇಬೇಕು.

7 ಬಗೆಯ ಮಾತ್ರೆ ಕಂಡು ಗಾಬರಿಯಾಗುವುದು ಸಹಜ. ಇವುಗಳಲ್ಲಿ ಫ್ಯೂರೋಸೆಮೈಡ್ ಅಥವಾ ಟಾರ್ಸೆಮೈಡ್ ಎಂಬುದು ನೀರನ್ನು ಹೊರಹಾಕಿ ದಮ್ಮು ಇಳಿಸುತ್ತದೆ. ಪಂಪಿಂಗ್ ಕಡಿಮೆ ಇರುವವರ ಆಯುಷ್ಯವನ್ನು ಹೆಚ್ಚಿಸುವವು ಬೇರೆ ನಾಲ್ಕು ಗುಂಪುಗಳು: ಸಕುಬಿಟ್ರಿಲ್ ಬೆರೆತ ವಲ್ಸಾರ್ಟನ್ ಅಥವಾ ಅದರ ಬದಲಿಗೆ ರ‍್ಯಾಮಿಪ್ರಿಲ್, ಎನಲಾಪ್ರಿಲ್‌ನಂಥವು; ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ಬಿಸೊಪ್ರೊಲಾಲ್‌ಗಳಲ್ಲಿ ಒಂದು; ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್; ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಕೊನೆಯವು ಸಕ್ಕರೆ ಕಾಯಿಲೆಯ ಮಾತ್ರೆಗಳೆಂದು ಹೆಸರಾದವು. ‘ನಮ್ಮವರಿಗೆ ಶುಗರ್ ಇಲ್ಲವಲ್ಲ’ ಎಂದು ಅದನ್ನು ಬಿಡಿಸಿದ ಮನೆಗಳಿವೆ; ಶುಗರ್ ಇಲ್ಲದ ಹೃದಯ ವೈಫಲ್ಯಕ್ಕೂ ಅದು ಉಪಯುಕ್ತವೆಂದು ಸಿದ್ಧವಾಗಿದೆ. ಬಿ.ಪಿ. ನೂರರ ಆಸುಪಾಸಿನಲ್ಲಿದೆ ಎಂದು ಹೆದರಿ ಮಾತ್ರೆ ನಿಲ್ಲಿಸುವುದೂ ಸಾಮಾನ್ಯ ತಪ್ಪು. ತಲೆಸುತ್ತು ಇಲ್ಲದಿದ್ದರೆ ಈ ರೋಗಿಗಳಿಗೆ ಅಷ್ಟು ಬಿ.ಪಿ. ಅನೇಕ ವೇಳೆ ಸರಿಯೇ. ನೀರಿನ ಮಾತ್ರೆಯ ವಿಷಯದಲ್ಲಿ ಒಂದು ಊರಿನ ಮಾತು: ದಾವಣಗೆರೆಗೆ ಬಸ್ಸಿನಲ್ಲಿ ಹೋಗುವ ದಿನ, ದಾರಿಯಲ್ಲಿ ಮೂತ್ರಕ್ಕೆ ತೊಂದರೆಯಾಗುತ್ತದೆಂದು ಹಿರಿಯರು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಬಿಡುವುದಕ್ಕಿಂತ, ಮನೆಗೆ ಮರಳಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು.

ನನ್ನ ದೃಷ್ಟಿಯಲ್ಲಿ ಮನೆಯಲ್ಲಿರುವ ಅತಿ ದೊಡ್ಡ ಅಪಾಯ ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೇನ್, ಅಸಿಕ್ಲೊಫೆನಾಕ್ ಮುಂತಾದವು ಮೂತ್ರಪಿಂಡಗಳು ಉಪ್ಪು, ನೀರನ್ನು ಮತ್ತಷ್ಟು ಹಿಡಿದಿಡುವಂತೆ ಮಾಡುತ್ತವೆ. ಕೆಲವೇ ದಿನಗಳ ನೋವಿನ ಮಾತ್ರೆ ಆಸ್ಪತ್ರೆಯ ಚಿಕಿತ್ಸೆಯನ್ನೆಲ್ಲ ನೀರುಪಾಲು ಮಾಡಬಲ್ಲದು. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅದರ ಜೊತೆ ಇವುಗಳಲ್ಲೊಂದು ಬೆರೆತ ಗುಳಿಗೆಗಳೂ ಇರುವುದರಿಂದ, ಗುಳಿಗೆಯ ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರವನ್ನು ಓದಿ. ಒಳಗೇನಿದೆ ಎಂದು ಬರೆಯದ ಪುಡಿ, ಕಷಾಯಗಳೂ ಬೇಡ.

ಗದ್ದೆಗೆ ಹೋಗಬಹುದೇ? ನೋಡಿ ಬರಲು ಹೋಗಲಿ, ಗುದ್ದಲಿ ಹಿಡಿಯಲು ಈಗಲೇ ಬೇಡ. ಮಟ್ಟವಾದ ದಾರಿಯಲ್ಲಿ, ನಡೆಯುತ್ತಲೇ ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸಬಹುದು. ಬೀಡಿ, ಹೆಂಡ ಪೂರ್ತಿ ನಿಲ್ಲಬೇಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಮುಂದಿನ ಭೇಟಿಯಲ್ಲಿ ಕೇಳಿ.

ಕೂತಲ್ಲಿಯೇ ಏದುಸಿರು, ಎದೆನೋವು, ಪ್ರಜ್ಞೆ ತಪ್ಪುವುದು, ಗುಲಾಬಿ ಬಣ್ಣದ ನೊರೆಗಫ, ಇವುಗಳಲ್ಲಿ ಯಾವುದು ಕಂಡರೂ ತೂಕ, ಫೋನು, ಸಲಹೆ ಎಂದು ಕಾಲ ಕಳೆಯದೆ 108ಕ್ಕೆ ಕರೆ ಮಾಡಬೇಕು. ಉಸಿರಾಟದ ತೊಂದರೆಯಾದರೆ, ಆಂಬುಲೆನ್ಸ್ ಬರುವವರೆಗೆ ಅವರನ್ನು ಮಲಗಿಸಬೇಡಿ. ಮಂಚದ ಅಂಚಿನಲ್ಲಿ ಬೆನ್ನಿಗೆ ಆಸರೆ ಕೊಟ್ಟು, ಕಾಲು ಇಳಿಬಿಟ್ಟು ಕೂರಿಸಿ. ಪ್ರಜ್ಞೆ ತಪ್ಪಿದವರನ್ನು ಮಾತ್ರ ಮಗ್ಗುಲಾಗಿ ಮಲಗಿಸಬೇಕು.

ಮನೆಗೆ ಬಂದ ಒಂದೆರಡು ವಾರಗಳೊಳಗೆ ಮೊದಲ ಮರುಭೇಟಿ ಆಗಲೇಬೇಕು. ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಆಮೇಲೆ ಏರಿಸುತ್ತ ಹೋಗುವುದು ಪದ್ಧತಿ. ಹೀಗೆ ಏರಿಸುವುದನ್ನು ತಡಮಾಡದೆ, ಆಗಾಗ ಪರೀಕ್ಷಿಸುತ್ತ ಮೊದಲ ವಾರಗಳಲ್ಲೇ ಮಾಡಿದರೆ ಸಾವು ಅಥವಾ ಮರುದಾಖಲಾತಿಯಾಗುವ ಒಟ್ಟು ಅಪಾಯ ಕಡಿಮೆಯಾಗುತ್ತದೆಂದು 2022ರಲ್ಲಿ ಪ್ರಕಟವಾದ ಸ್ಟ್ರಾಂಗ್ ಎಚ್‌ಎಫ್ ಅಧ್ಯಯನ ತೋರಿಸಿತು. ‘ಆರಾಮಾಗಿದ್ದಾರೆ, ಸುಮ್ಮನೆ ಹೋಗುವುದೇಕೆ’ ಎಂದು ಭೇಟಿ ತಪ್ಪಿಸಿದರೆ ಅವರು ಆರಂಭದ ಸಣ್ಣ ಪ್ರಮಾಣದಲ್ಲಿಯೇ ಉಳಿದುಬಿಡುತ್ತಾರೆ. ಹೋಗುವಾಗ ತೂಕದ ನೋಟ್‌ಬುಕ್ಕನ್ನೂ, ಚೀಟಿಯನ್ನಷ್ಟೇ ಅಲ್ಲದೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ; ಕ್ರಿಯಾಟಿನಿನ್ (ಮೂತ್ರಪಿಂಡಗಳ ಕೆಲಸ ತಿಳಿಸುವಂಥದು) ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಯಾವಾಗ ಎಂದು ಕೇಳಿ; ಜೊತೆಗೆ, ತೂಕ ಎಷ್ಟಕ್ಕೆ ಏರಿದರೆ ನೀರಿನ ಮಾತ್ರೆಯನ್ನು ಎಷ್ಟು ಹೆಚ್ಚಿಸಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬ ಎರಡು ಸಾಲುಗಳನ್ನು ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ವೈದ್ಯರಿಂದ ಬರೆಸಿಕೊಂಡು ಬನ್ನಿ.