ಯುದ್ಧ ನಿಂತರೂ ಮುಗಿಯದ ತುರ್ತು ಪರಿಸ್ಥಿತಿ: 358 ಮತ್ತು 359ನೇ ವಿಧಿಗಳ ಅಧ್ಯಯನ ಟಿಪ್ಪಣಿ

ಉಡುಪಿಯಲ್ಲಿ ನಾವು ಕೆಲವರು ಸೇರಿ ಸಂವಿಧಾನವನ್ನು ಓದುವಾಗ ತುರ್ತು ಪರಿಸ್ಥಿತಿಯ ಅಧ್ಯಾಯ ಬಂತೆಂದರೆ ಮಾತು ನೇರವಾಗಿ 1975ನೇ ಇಸವಿಗೆ ಹೋಗಿ ನಿಲ್ಲುತ್ತದೆ. ಆದರೆ 1975ರ ಘೋಷಣೆ ಮೂರನೆಯದು. ಅದಕ್ಕೆ ಮೊದಲಿನ ಎರಡೂ ಯುದ್ಧದ ಕಾರಣಕ್ಕೆ ಹೊರಟವು, ಮತ್ತು ನಾಗರಿಕ ಸ್ವಾತಂತ್ರ್ಯವನ್ನು ಎಷ್ಟರವರೆಗೆ ಮೊಟಕುಗೊಳಿಸಬಹುದು ಎಂಬ ನಮ್ಮ ಕಾನೂನಿನ ಮುಖ್ಯ ಪ್ರಶ್ನೆಗಳು ಅವುಗಳ ಅವಧಿಯಲ್ಲೇ ನ್ಯಾಯಾಲಯದ ಮೆಟ್ಟಿಲೇರಿದವು.

ಮೊದಲು ದಿನಾಂಕಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಚೀನಾದೊಂದಿಗಿನ ಯುದ್ಧ 1962ರ ಅಕ್ಟೋಬರ್ 20ರಂದು ತೊಡಗಿ ನವೆಂಬರ್ 21ರ ಕದನವಿರಾಮದೊಂದಿಗೆ ನಿಂತಿತು. ಅಕ್ಟೋಬರ್ 26ರಂದು ಘೋಷಿಸಿದ ತುರ್ತು ಪರಿಸ್ಥಿತಿ ಮಾತ್ರ 1968ರ ಜನವರಿ 10ರವರೆಗೆ ಮುಂದುವರಿಯಿತು. ಪಾಕಿಸ್ತಾನದೊಂದಿಗೆ 1971ರ ಡಿಸೆಂಬರ್ 3ರಂದು ತೊಡಗಿದ ಯುದ್ಧ ಎರಡು ವಾರದಲ್ಲಿ ಮುಗಿಯಿತು. ಅಂದೇ ಹೊರಟ ಘೋಷಣೆ 1977ರ ಮಾರ್ಚ್‌ವರೆಗೆ ಜಾರಿಯಲ್ಲಿತ್ತು, ನಡುವೆ ಅದರ ಮೇಲೆಯೇ 1975ರದ್ದೂ ಬಂದು ಕೂತಿತು. ಯುದ್ಧಕಾಲದಲ್ಲಿ ಹಕ್ಕುಗಳಿಗೆ ಮಿತಿ ಹಾಕಬಹುದೇ ಎಂಬುದಕ್ಕೆ ಸಂವಿಧಾನವೇ ಹೌದು ಎಂದು ಉತ್ತರಿಸಿರುವುದರಿಂದ, ಆ ಕಾಲ ಮುಗಿಯಿತೆಂದು ಹೇಳುವವರು ಯಾರು ಎಂಬುದೇ ನಿಜವಾಗಿ ಕಷ್ಟದ ಪ್ರಶ್ನೆ ಎಂದು ನನಗೆ ಅನಿಸುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, 358 ಮತ್ತು 359ನೇ ವಿಧಿಗಳ ವ್ಯತ್ಯಾಸ. ಮಲ್ಪೆ ಬಂದರನ್ನು ಕಣ್ಣೆದುರು ತಂದುಕೊಳ್ಳಿ. ಯುದ್ಧದ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದು, ಸೂರ್ಯಾಸ್ತದ ನಂತರ ಯಾವ ದೋಣಿಯೂ ಕಡಲಿಗಿಳಿಯಬಾರದೆಂದು ಒಂದು ಕಾನೂನು ಬಂತೆನ್ನೋಣ. ಸಂಚಾರದ ಮತ್ತು ಕಸುಬಿನ ಸ್ವಾತಂತ್ರ್ಯ 19ನೇ ವಿಧಿಗೆ ಸೇರಿದವು. ಘೋಷಣೆ ಹೊರಟ ಕ್ಷಣದಿಂದ, ಬೇರೆ ಯಾವ ಆದೇಶದ ಅಗತ್ಯವೂ ಇಲ್ಲದೆ, 358ನೇ ವಿಧಿಯು ಸರ್ಕಾರದ ಮೇಲಿದ್ದ 19ನೇ ವಿಧಿಯ ಹಿಡಿತವನ್ನು ಸಡಿಲಿಸುತ್ತದೆ. ಆದುದರಿಂದ, ಆ ಕಾನೂನು ತುರ್ತು ಪರಿಸ್ಥಿತಿಗೆ ಸಂಬಂಧಿಸಿದ್ದೆಂದು ತನ್ನಲ್ಲೇ ಹೇಳಿಕೊಂಡಿದ್ದರೆ, ದೋಣಿಯ ಮಾಲೀಕರು 19ನೇ ವಿಧಿಯ ಹೆಸರಿನಲ್ಲಿ ಅದನ್ನು ಪ್ರಶ್ನಿಸಲಾಗದು. ಅದೇ ರಾತ್ರಿ ದೋಣಿ ನಡೆಸುವ ತಾಂಡೇಲರನ್ನು ಹಿಡಿದೊಯ್ದು ಕಾರಣ ಹೇಳದೆ ಕೂಡಿಹಾಕಿದರೆ ವಿಷಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯದ್ದಾಗುತ್ತದೆ. ಅಲ್ಲಿ 359ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಪ್ರತ್ಯೇಕ ಆದೇಶ ಬೇಕು, ಅದರಲ್ಲಿ ಹಕ್ಕನ್ನು ಹೆಸರಿಸಿರಬೇಕು, ಮತ್ತು ಮುಚ್ಚುವುದು ಆ ಹಕ್ಕಿಗಾಗಿ ತಟ್ಟಬಹುದಾದ ನ್ಯಾಯಾಲಯದ ಬಾಗಿಲು ಮಾತ್ರ. ಇಂದು 20 (ಅಪರಾಧ ವಿಚಾರಣೆ ಮತ್ತು ಶಿಕ್ಷೆಯಲ್ಲಿನ ರಕ್ಷಣೆ) ಮತ್ತು 21ನೇ ವಿಧಿಗಳ ಮಟ್ಟಿಗೆ ಆ ಬಾಗಿಲನ್ನೂ ಮುಚ್ಚುವಂತಿಲ್ಲ. ಅದು ಹೇಗೆ ಬಂತೆಂಬುದನ್ನು ಮುಂದೆ ನೋಡೋಣ.

ಬಾಗಿಲು ಮುಚ್ಚಿದ್ದಾಗಲೂ ಒಂದು ಸಂದಿ ಉಳಿದಿತ್ತೆಂಬುದಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಪ್ರಕರಣವನ್ನು ನಿಧಾನವಾಗಿ ಓದಬೇಕು. 1965ರಲ್ಲಿ ಬಿಹಾರದಲ್ಲಿ ಅವರನ್ನು 1962ರ ತುರ್ತು ಪರಿಸ್ಥಿತಿಯಲ್ಲಿ ಬಂದ ಭಾರತ ರಕ್ಷಣಾ ನಿಯಮಗಳಡಿ ಬಂಧಿಸಲಾಯಿತು. ಯಾರು ಈ ನಿಯಮಗಳ ಪ್ರಕಾರ ಸ್ವಾತಂತ್ರ್ಯ ಕಳೆದುಕೊಂಡಿದ್ದಾರೋ ಅವರು ನ್ಯಾಯಾಲಯಕ್ಕೆ ಹೋಗಲಾಗದು ಎಂಬುದು 1962ರ ರಾಷ್ಟ್ರಪತಿ ಆದೇಶದ ತಾತ್ಪರ್ಯ. ಹಾಗಿದ್ದರೆ ಬಂಧನವು ನಿಜಕ್ಕೂ ನಿಯಮದ ಪ್ರಕಾರವೇ ಆಗಿದೆಯೇ ಎಂದು ಸರ್ವೋಚ್ಚ ನ್ಯಾಯಾಲಯ ನೋಡಬಹುದಲ್ಲವೇ? ನೋಡಿದಾಗ, ನಿಯಮದಲ್ಲಿದ್ದ ಪದ ‘ಸಾರ್ವಜನಿಕ ಸುವ್ಯವಸ್ಥೆ’, ಜಿಲ್ಲಾ ಮ್ಯಾಜಿಸ್ಟ್ರೇಟರು ಆದೇಶದಲ್ಲಿ ಬರೆದದ್ದು ‘ಕಾನೂನು ಮತ್ತು ಸುವ್ಯವಸ್ಥೆ’. (ನಮ್ಮ ಪತ್ರಿಕೆಗಳು ಎರಡಕ್ಕೂ ‘ಕಾನೂನು ಸುವ್ಯವಸ್ಥೆ’ ಎಂದೇ ಬರೆಯುವುದರಿಂದ ಕನ್ನಡದಲ್ಲಿ ಓದುವವರಿಗೆ ಈ ಭೇದ ಸುಲಭವಾಗಿ ಹೊಳೆಯುವುದಿಲ್ಲ.) ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳ ಚಿತ್ರ ಕೊಟ್ಟರು: ಹೊರಗಿನ ದೊಡ್ಡದು ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಟ್ಟನಡುವಿನ ಸಣ್ಣದು ರಾಜ್ಯದ ಭದ್ರತೆ. ಹೊರಗಿನ ವೃತ್ತಕ್ಕೆ ಧಕ್ಕೆ ಬಂದ ಮಾತ್ರಕ್ಕೆ ಒಳಗಿನದಕ್ಕೂ ಬಂತೆಂದು ಆಗುವುದಿಲ್ಲ. ಲೋಹಿಯಾ ಅವರ ಬಿಡುಗಡೆಯಾಯಿತು. ತೀರ್ಪಿನ ದಿನಾಂಕ 1965ರ ಸೆಪ್ಟೆಂಬರ್ 7. ಅದರ ಹಿಂದಿನ ದಿನವಷ್ಟೇ ಭಾರತೀಯ ಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತ್ತು.

ಈ ಧೈರ್ಯ, 1975ರ ತುರ್ತು ಪರಿಸ್ಥಿತಿಯ ಬಂಧಿತರ ಕುರಿತು ಸರ್ವೋಚ್ಚ ನ್ಯಾಯಾಲಯ 1976ರ ಏಪ್ರಿಲ್ 28ರಂದು ತೀರ್ಪಿತ್ತ ಜಬಲ್ಪುರ ಪ್ರಕರಣದಲ್ಲಿ ಕಾಣಲಿಲ್ಲ. ಬಂಧನ ಕಾನೂನುಬಾಹಿರವೆಂದು ಹೇಳಿಕೊಂಡು ಹೇಬಿಯಸ್ ಕಾರ್ಪಸ್ (ಬಂಧಿತರನ್ನು ನ್ಯಾಯಾಲಯದ ಮುಂದೆ ತರಿಸಿ ಬಂಧನವನ್ನು ಪರಿಶೀಲಿಸುವಂತೆ ಕೋರುವ) ಅರ್ಜಿ ಹಾಕುವಂತೆಯೂ ಇಲ್ಲವೆಂದು ಪೀಠದ ಐವರಲ್ಲಿ ನಾಲ್ವರು ಹೇಳಿದರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಪೀಠದ ನೇತೃತ್ವ ವಹಿಸಿದ್ದ ಎ.ಎನ್. ರೇ ಅವರು 1973ರಲ್ಲಿ ಮೂವರು ಹಿರಿಯರನ್ನು ದಾಟಿ ಮುಖ್ಯ ನ್ಯಾಯಮೂರ್ತಿಯಾದವರು. ಆ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ರಾಜೀನಾಮೆ ಕೊಟ್ಟು ಹೊರಬಂದ ಅವರೇ, 44ನೇ ತಿದ್ದುಪಡಿ 1978ರಲ್ಲಿ ಲೋಕಸಭೆಯ ಅಂಗೀಕಾರ ಪಡೆದಾಗ ಸಭಾಧ್ಯಕ್ಷರ ಪೀಠದಲ್ಲಿದ್ದರು. 20 ಮತ್ತು 21ನೇ ವಿಧಿಗಳನ್ನು 359ರಿಂದ ಹೊರಗಿಟ್ಟದ್ದೂ, 358ನ್ನು ಯುದ್ಧ ಮತ್ತು ಬಾಹ್ಯ ಆಕ್ರಮಣಕ್ಕಷ್ಟೇ ಸೀಮಿತಗೊಳಿಸಿದ್ದೂ, ಆರಾರು ತಿಂಗಳಿಗೊಮ್ಮೆ ಸಂಸತ್ತು ಮತ್ತೆ ಒಪ್ಪಬೇಕೆಂದದ್ದೂ ಇದೇ ತಿದ್ದುಪಡಿ. ಜಬಲ್ಪುರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಕೈಬಿಟ್ಟದ್ದು ಖಾಸಗಿತನದ ಹಕ್ಕಿನ ಕುರಿತ 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ.

ಕೊನೆಯದಾಗಿ ‘ಶತ್ರುದೇಶದ ಪ್ರಜೆ’. ಬಂಧಿತರಿಗಿರುವ ಸಾಮಾನ್ಯ ರಕ್ಷಣೆಯನ್ನು 22(3)ನೇ ವಿಧಿ ಇವರಿಗೆ ಕೊಡುವುದಿಲ್ಲ. ನನ್ನ ಅಜ್ಜಿಮನೆಯ ಮಾಡಿನಿಂದ ಇಳಿಸಿದ ಹಂಚುಗಳಲ್ಲಿ ಹಳೆಯವುಗಳ ಮೇಲೆ ಬಾಸೆಲ್ ಮಿಶನ್ ಎಂಬ ಅಚ್ಚು, ಆಮೇಲಿನವುಗಳ ಮೇಲೆ ಕಾಮನ್‌ವೆಲ್ತ್ ಎಂಬ ಅಚ್ಚು ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಿ, ಮಿಶನ್ನಿನ ಕೈಗಾರಿಕೆಗಳನ್ನು ವಶಪಡಿಸಿಕೊಂಡು ಬೇರೆ ಸಂಸ್ಥೆಗೆ ವಹಿಸಿದ್ದರ ಗುರುತು ಅದು. ಅವರಾದರೋ ಪರದೇಶದವರು. 1962ರಲ್ಲಿ ಬಂದ ಕಾನೂನು, ಅಜ್ಜ ಅಥವಾ ಅಜ್ಜಿ ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ವಿದೇಶೀಯರ ಮೇಲಿನ ನಿರ್ಬಂಧಗಳನ್ನು ಮೊಮ್ಮಗನ ಮೇಲೆ ಹೇರಲು ಅವಕಾಶ ಮಾಡಿತು. ಹೀಗೆ ಅಸ್ಸಾಂ ಮತ್ತು ಬಂಗಾಳದ ಕಡೆ ಹುಟ್ಟಿ ಬೆಳೆದ ಚೀನೀ ಮೂಲದ ಕುಟುಂಬಗಳನ್ನು ಮಕ್ಕಳು ಮುದುಕರ ಸಮೇತ ರೈಲಿನಲ್ಲಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಒಯ್ಯಲಾಯಿತು. ಕದನವಿರಾಮವಾಗಿ ವರ್ಷಗಳು ಕಳೆದ ಮೇಲೂ ಅವರಲ್ಲಿ ಕೆಲವರು ಅಲ್ಲೇ ಇದ್ದರು.