ವಿಚಾರಣೆಗೆ ಹೋಗದೆ ಕೋರ್ಟಿಗೆ ಬರುವವರು

‘ಎಲ್ಲಾ ಮೊದಲೇ ತೀರ್ಮಾನ ಆಗಿದೆ ಮೇಡಂ. ಎನ್‌ಕ್ವೈರಿ ಅನ್ನೋದು ಬರೀ ನಾಟಕ. ಅದಕ್ಕೇ ನಾನು ಹೋಗಲೇ ಇಲ್ಲ. ಕೋರ್ಟಲ್ಲಿ ನೋಡ್ಕೊಳ್ಳೋಣ ಅಂತ ಬಂದೆ.’

ಕೆಲಸದಿಂದ ವಜಾ ಆಗಿ ವಕೀಲೆಯಾದ ನನ್ನ ಹತ್ತಿರ ಬರುವ ಬಹಳ ಜನ ಹೀಗೇ ಮಾತು ಶುರು ಮಾಡುತ್ತಾರೆ. ಎನ್‌ಕ್ವೈರಿ ಅಂದರೆ ಇಲ್ಲಿ ವಜಾ ಮಾಡುವ ಮುಂಚೆ ಕೆಲಸ ಕೊಟ್ಟವರೇ ಒಳಗೆ ನಡೆಸುವ ವಿಚಾರಣೆ. ಹೇಳುವಾಗ ಮುಖದಲ್ಲಿ ಸ್ವಲ್ಪ ಹೆಮ್ಮೆ ಬೇರೆ! ನಾಟಕ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ನಾಟಕದಲ್ಲಿ ಆಡಿದ ಒಂದೊಂದು ಮಾತನ್ನೂ ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳುತ್ತಿರುತ್ತಾರೆ. ಮುಂದೆ ನ್ಯಾಯಾಧೀಶರ ಮೇಜಿಗೆ ಬರುವುದು ಅದೇ ಕಡತ. ಅದರಲ್ಲಿ ನಿಮ್ಮ ಮಾತೇ ಇಲ್ಲದಿದ್ದರೆ ನಾನು ಏನನ್ನು ಓದಿ ತೋರಿಸಲಿ?

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ. ಕಾರ್ಮಿಕ ನ್ಯಾಯಾಲಯ ಮೊದಲು ಕೇಳುವ ಪ್ರಶ್ನೆ ‘ಇವರು ತಪ್ಪು ಮಾಡಿದರಾ?’ ಎಂದಲ್ಲ. ‘ವಿಚಾರಣೆ ಸರಿಯಾಗಿ ನಡೆಯಿತಾ?’ ಎಂದು. ಸರಿಯಾಗಿ ನಡೆದಿದೆ ಅಂತಾದರೆ ಸಾಕ್ಷಿಗಳನ್ನು ಮತ್ತೆ ಕರೆಸಿ ಹೊಸದಾಗಿ ಕೇಳುವುದಿಲ್ಲ. ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ಸೇರಿಸಿದ 11ಎ ಕಲಮು ನ್ಯಾಯಾಲಯಕ್ಕೆ ದೊಡ್ಡ ಅಧಿಕಾರವನ್ನೇ ಕೊಟ್ಟಿತು. ಶಿಕ್ಷೆ ಜಾಸ್ತಿಯಾಯಿತು ಅನಿಸಿದರೆ ಕಡಿಮೆ ಮಾಡಬಹುದು, ಕೆಲಸಕ್ಕೆ ವಾಪಸ್ ತಗೊಳ್ಳಿ ಅನ್ನಬಹುದು. ಆದರೆ ಅದೇ ಕಲಮಿನ ಕೊನೆಯಲ್ಲಿ ಒಂದು ಷರತ್ತಿತ್ತು. ಕಡತದಲ್ಲಿ ಇರುವುದನ್ನಷ್ಟೇ ನೋಡಬೇಕು, ಹೊಸ ಸಾಕ್ಷ್ಯ ತಗೊಳ್ಳಬಾರದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ವಿಷಯ ಹೆಚ್ಚುಕಡಿಮೆ ಹೀಗೇ ಮುಂದುವರಿದಿದೆ.

ಅಂದರೆ ನೀವು ‘ಕೋರ್ಟಲ್ಲಿ ಹೇಳ್ತೀನಿ’ ಅಂತ ಉಳಿಸಿಕೊಂಡ ಮಾತಿಗೆ ಕೋರ್ಟಿನಲ್ಲಿ ಜಾಗವೇ ಇಲ್ಲದೆ ಹೋಗಬಹುದು.

ಇನ್ನೊಂದು ಗೊಂದಲ ಸಿನಿಮಾ ಕೋರ್ಟ್ ನೋಡಿ ಬಂದದ್ದು. ‘ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಲಿ’ ಅನ್ನುತ್ತಾರೆ. ಅದು ಕ್ರಿಮಿನಲ್ ಕೇಸಿನ ಅಳತೆ. ಇಲ್ಲಿ ಯಾವುದು ಹೆಚ್ಚು ನಂಬುವಂತಿದೆ ಅನ್ನುವುದಷ್ಟೇ ಲೆಕ್ಕ. ಹರಿಯಾಣದ ರತ್ತನ್ ಸಿಂಗ್ ಎಂಬ ಬಸ್ ಕಂಡಕ್ಟರ್ ಕೇಸು ನೋಡಿ. ಪ್ರಯಾಣಿಕರು ದುಡ್ಡು ಕೊಟ್ಟಿದ್ದರೂ ಟಿಕೆಟ್ ಕೊಟ್ಟಿರಲಿಲ್ಲ ಅನ್ನುವುದು ಆರೋಪ. ವಿಚಾರಣೆಯಲ್ಲಿ ಒಬ್ಬ ಪ್ರಯಾಣಿಕರನ್ನೂ ಸಾಕ್ಷಿಯಾಗಿ ಕರೆಸಿರಲಿಲ್ಲ. ಆದರೂ 1977ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕೆಲಸದಿಂದ ತೆಗೆದದ್ದು ಸರಿ ಅಂದಿತು. ತಪಾಸಣೆ ಮಾಡಿದವರ ಹೇಳಿಕೆಯೇ ಸಾಕಾಯಿತು. ಇಷ್ಟು ಕಡಿಮೆ ಸಾಕ್ಷ್ಯ ಸಾಕು ಅಂದಮೇಲೆ, ಆ ತಪಾಸಣೆಯವರಿಗೆ ನೀವು ಪಾಟಿ ಸವಾಲು ಹಾಕದೆ, ಅಂದರೆ ತಿರುಗಿ ಪ್ರಶ್ನೆ ಕೇಳದೆ, ಮನೆಯಲ್ಲಿ ಕೂತರೆ ಗೆಲ್ಲುವುದು ಹೇಗೆ?

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. ಅಂಚೆಯಲ್ಲಿ ಬಂದ ಚಾರ್ಜ್‌ಶೀಟನ್ನೇ, ಅಂದರೆ ಆರೋಪ ಏನು ಅಂತ ಕೆಲಸ ಕೊಟ್ಟವರು ಬರೆದು ಕಳಿಸುವ ಕಾಗದವನ್ನೇ, ತಗೊಳ್ಳುವುದಿಲ್ಲ. ಕಾಗದ ಮುಟ್ಟದಿದ್ದರೆ ಕೇಸೇ ಇಲ್ಲ ಅನ್ನುವ ನಂಬಿಕೆ ಅವರದು. ಪೋಸ್ಟ್‌ಮ್ಯಾನ್ ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಅಂತ ಷರಾ ಬರೆದು ಹೋಗುತ್ತಾರೆ. ಸರಿಯಾದ ವಿಳಾಸಕ್ಕೆ ಹೋದ ಅಂಥ ಕವರನ್ನು ಸಾಮಾನ್ಯವಾಗಿ ತಲುಪಿದೆ ಅಂತಲೇ ಕೋರ್ಟು ತಿಳಿಯುತ್ತದೆ. ಆಮೇಲೆ ನೀವಿಲ್ಲದೆಯೇ, ಅಂದರೆ ಎಕ್ಸ್‌ಪಾರ್ಟಿ, ವಿಚಾರಣೆ ಮುಗಿಯುತ್ತದೆ. ನಷ್ಟ ಏನಿದ್ದರೂ ನಿಮಗೇ. ಆರೋಪ ಏನು ಅಂತ ಆಡಳಿತಕ್ಕೆ, ಅಂದರೆ ಕೆಲಸ ಕೊಟ್ಟವರಿಗೆ, ಗೊತ್ತಿರುತ್ತದೆ, ನಿಮಗೆ ಮಾತ್ರ ಗೊತ್ತಿರುವುದಿಲ್ಲ. ಸುಮ್ನೆ ಸಹಿ ಹಾಕಿ ತಗೊಳ್ಳಿ. ಕಾಗದ ತಗೊಂಡರೆ ತಪ್ಪು ಒಪ್ಪಿಕೊಂಡ ಹಾಗೆ ಅಲ್ಲ.

ಹೋಗಲು ಆಗದೇ ಇರುವುದು ಬೇರೆ ವಿಷಯ. ನಮ್ಮ ಕೋಲಾರದ ಚಿನ್ನದ ಗಣಿಯ ಭದ್ರತಾ ಅಧಿಕಾರಿ ಪಾಲ್ ಆಂಟನಿಯವರನ್ನು ಸಸ್ಪೆಂಡ್ ಮಾಡಿ, ಆ ಸಮಯದಲ್ಲಿ ಸಂಬಳದ ಬದಲು ಕೊಡಬೇಕಾದ ಜೀವನಾಧಾರ ಭತ್ಯೆಯನ್ನೇ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಅವರಿಗೆ ವಿಚಾರಣೆಗೆ ಬರಲಾಗಲಿಲ್ಲ. ಎಕ್ಸ್‌ಪಾರ್ಟಿ ಮಾಡಿ ವಜಾ ಮಾಡಿದರು. ಇದು ಸರಿಯಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದು ಮಾಡಿತು. ಭತ್ಯೆ ಬಂದಿಲ್ಲವೋ, ಆರೋಗ್ಯ ಕೆಟ್ಟಿದೆಯೋ, ಅದನ್ನು ಬರೆದು ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ‘ಸೂಪರ್‌ವೈಸರ್‌ಗೆ ಫೋನಲ್ಲಿ ಹೇಳಿದ್ದೆ’ ಅನ್ನುವುದು ನನ್ನ ಕೈಗೆ ಏನೂ ಕೊಡುವುದಿಲ್ಲ.

ಹೋದಮೇಲೆ ಏನು ಮಾಡಬೇಕು ಅಂತ ನನಗಿಂತ ಚೆನ್ನಾಗಿ ತೋರಿಸಿದ್ದು ಒಬ್ಬ ಗಾರ್ಮೆಂಟ್ಸ್ ಹೆಣ್ಣುಮಗಳು. ಸೂಪರ್‌ವೈಸರ್‌ಗೆ ಬೈದಳು ಅಂತ ಆರೋಪ. (ಬೈದಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ. ಅವನ ಬಾಯಿ ಹೇಗಿತ್ತು ಅಂತ ಮಾತ್ರ ಕೇಳಿದೆ.) ನಡಾವಳಿ, ಅಂದರೆ ವಿಚಾರಣೆಯಲ್ಲಿ ನಡೆದದ್ದರ ದಾಖಲೆ, ಎಲ್ಲಾ ಇಂಗ್ಲಿಷಿನಲ್ಲಿ ಟೈಪಾಗಿತ್ತು. ಆಕೆಗೆ ಇಂಗ್ಲಿಷ್ ಬರುವುದಿಲ್ಲ. ಸಹಿ ಮಾಡು ಅಂದರೆ ಮಾಡಿದ್ದಾಳೆ. ಆದರೆ ಪ್ರತಿ ಹಾಳೆಯಲ್ಲೂ ಸಹಿಯ ಮೇಲೆ ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ, ‘ಇದರಲ್ಲಿ ಏನಿದೆ ಅಂತ ನನಗೆ ಓದಿ ಹೇಳಿಲ್ಲ’ ಅಂತ ಬರೆದಿದ್ದಾಳೆ. ಯಾರೂ ಅದನ್ನು ಗಮನಿಸಿರಲಿಲ್ಲ! ಕೋರ್ಟಿನಲ್ಲಿ ವಿಚಾರಣಾಧಿಕಾರಿಯ ಮುಂದೆ ಆ ಹಾಳೆ ಇಟ್ಟು ‘ಇದನ್ನು ಓದಿ’ ಅಂದೆ. ಅವರು ಓದಿದರು. ನಾನು ಕೇಳಬೇಕಾದದ್ದು ಅಲ್ಲಿಗೆ ಹೆಚ್ಚೇನೂ ಉಳಿಯಲಿಲ್ಲ. ಆ ಒಂದು ಸಾಲಿನಿಂದಲೇ ವಿಚಾರಣೆ ಬಿದ್ದುಹೋಯಿತು ಅಂತ ನಾನು ಹೇಳಲಾರೆ, ಬೇರೆ ಲೋಪಗಳೂ ಇದ್ದವು. ಆದರೆ ಬೇರೆಯದನ್ನೆಲ್ಲ ನಾನು ವಾದ ಮಾಡಬೇಕಾಯಿತು.

ಹಾಗೆ ವಿಚಾರಣೆ ಬಿದ್ದುಹೋದರೂ ಕೆಲಸ ವಾಪಸ್ ಬಂದಂತೆ ಅಲ್ಲ. ಆಡಳಿತದವರು ಆರೋಪವನ್ನು ಕೋರ್ಟಿನ ಮುಂದೆಯೇ ಸಾಬೀತು ಮಾಡುತ್ತೇವೆ ಅನ್ನಬಹುದು. ನಮ್ಮ ರಾಜ್ಯದ್ದೇ ಆದ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ, 2001ರಲ್ಲಿ, ಈ ಅವಕಾಶವನ್ನು ಆಡಳಿತ ತನ್ನ ಲಿಖಿತ ಹೇಳಿಕೆಯಲ್ಲೇ ಕೇಳಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬಲ್ಲ ವಕೀಲರು ಕೇಳಿಯೇ ಇರುತ್ತಾರೆ. ಆಗ ವರ್ಷಗಳು ಕಳೆದಮೇಲೆ ಹಳೆಯ ಸಾಕ್ಷಿಗಳು ಬರುತ್ತಾರೆ. ಅವರು ಅಂದು ಏನು ಹೇಳಿದ್ದರು, ಇಂದು ಏನು ಹೇಳುತ್ತಿದ್ದಾರೆ ಅಂತ ನಾನು ಹೋಲಿಸಬೇಕಲ್ಲವಾ? ನೀವು ಅಂದೇ ಪ್ರಶ್ನೆ ಕೇಳಿದ್ದರೆ ಹೋಲಿಸಲು ಏನಾದರೂ ಇರುತ್ತದೆ. ಹಾಳೆಯಲ್ಲಿ ‘ಪಾಟಿ ಸವಾಲು: ಇಲ್ಲ’ ಅಂತಿದ್ದರೆ ಏನೂ ಇರುವುದಿಲ್ಲ.

ವಿಚಾರಣೆಗೆ ವಕೀಲರನ್ನು ಕರೆದುಕೊಂಡು ಹೋಗುವ ಹಕ್ಕು ಸಾಮಾನ್ಯವಾಗಿ ಇಲ್ಲ. ಆಡಳಿತದ ಪರ ಕಾನೂನು ಬಲ್ಲವರು ಕೂತಿದ್ದರೆ ಮಾತ್ರ ನೀವೂ ಒತ್ತಾಯಿಸಬಹುದು. ಇಲ್ಲದಿದ್ದರೆ ನಿಮ್ಮ ಪರವಾಗಿ ಧೈರ್ಯವಾಗಿ ಮಾತಾಡುವ ಒಬ್ಬ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳಲು ಅರ್ಜಿ ಕೊಡಿ. ಕೊನೆಗೆ ವಿಚಾರಣಾ ವರದಿಯ ಪ್ರತಿ ಬರುತ್ತದೆ. ಬರಲೇಬೇಕು, 1993ರಿಂದ ಅದು ಗಟ್ಟಿಯಾದ ನಿಯಮ. ಅದಕ್ಕೂ ಉತ್ತರ ಬರೆಯಿರಿ.

ಇವೆಲ್ಲ ಕಾರ್ಮಿಕರು ಅಂತ ಕಾನೂನು ಒಪ್ಪುವವರಿಗೆ. ಮ್ಯಾನೇಜರ್‌ಗಳ ದಾರಿಯೇ ಬೇರೆ. ವಜಾ ಪ್ರಶ್ನಿಸುವ ಗಡುವು ಮೊದಲು ಮೂರು ವರ್ಷ ಇತ್ತು, ಹೊಸ ಸಂಹಿತೆಯಲ್ಲಿ ಎರಡು. ನಿಮ್ಮದು ಯಾವ ತಾರೀಕಿನದು ಅಂತ ನೋಡಿಯೇ ಹೇಳಬೇಕಾಗುತ್ತದೆ. ಅದಕ್ಕೇ ಬರುವಾಗ ಬರೀ ಆದೇಶ ತರಬೇಡಿ. ಅದು ಬಂದ ಕವರನ್ನೂ ತನ್ನಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ನನಗೆ ಬೇಕು.