24 ಸದಸ್ಯರ ಸಭೆ: ಕೊಡಗಿನಿಂದ ಕಲಿಯಬಹುದಾದ ಸಂಸದೀಯ ಪದ್ಧತಿ

ಮಡಿಕೇರಿಯ ಕೋಟೆಯಲ್ಲಿ ಇಂದಿಗೂ ‘ಹಳೆ ವಿಧಾನ ಸಭಾಂಗಣ’ ಎಂದು ಕರೆಯಲಾಗುವ ಒಂದು ಸಭಾಂಗಣವಿದೆ. ಅಧಿಕಾರಿಗಳ ಸಭೆಯ ಸುದ್ದಿಗಳಲ್ಲಿ ಆ ಹೆಸರನ್ನು ಓದಿ ಓದಿ ನಮಗೆ ರೂಢಿಯಾಗಿದೆಯೇ ಹೊರತು, ಜಿಲ್ಲಾ ಕೇಂದ್ರವೊಂದರಲ್ಲಿ ವಿಧಾನಸಭೆ ಏಕಿತ್ತು ಎಂಬ ಪ್ರಶ್ನೆ ಹೆಚ್ಚಿನವರಿಗೆ ಏಳುವುದಿಲ್ಲ. ಪಾಠವನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. 224 ಸದಸ್ಯರ ಈಗಿನ ಸದನದಲ್ಲಿ ಕಣ್ತಪ್ಪಿ ಹೋಗುವ ಸಂಗತಿಗಳು 24 ಸದಸ್ಯರ ಸಭೆಯಲ್ಲಿ ಬೆರಳೆಣಿಕೆಗೆ ಸಿಗುತ್ತವೆ.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಕೊಡಗು ‘ಸಿ’ ವರ್ಗದ, ಅಂದರೆ ಕೇಂದ್ರದ ಹತೋಟಿಯಲ್ಲಿದ್ದ ಸಣ್ಣ ರಾಜ್ಯವಾಗಿತ್ತು. 1952ರ ಚುನಾವಣೆಯಲ್ಲಿ ಅದರ 24 ಸ್ಥಾನಗಳ ಪೈಕಿ 15 ಕಾಂಗ್ರೆಸ್ಸಿಗೂ 9 ಪಕ್ಷೇತರರಿಗೂ ಬಂದವು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಇಲ್ಲಿ ಗಮನಿಸಬೇಕಾದದ್ದು, ಮತದಾರರು ಆರಿಸಿದ್ದು ಮುಖ್ಯಮಂತ್ರಿಯನ್ನಲ್ಲ, ಶಾಸಕರನ್ನು. ಸದನದ ವಿಶ್ವಾಸ ಯಾರಿಗಿದೆಯೋ ಅವರು ಸರ್ಕಾರ ನಡೆಸುತ್ತಾರೆ, ಅದು ತಪ್ಪಿದ ದಿನ ಇಳಿಯುತ್ತಾರೆ. ‘ಸರ್ಕಾರ’ ಮತ್ತು ‘ಶಾಸಕಾಂಗ’ ಎಂಬ ಎರಡು ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಉತ್ತರಪತ್ರಿಕೆಯಲ್ಲಿ ಅಂಕ ಹೋಗುವುದೂ ಅಲ್ಲಿಯೇ.

ಲೆಕ್ಕ ಹಾಕಿ ನೋಡೋಣ. ಆಡಳಿತ ಪಕ್ಷದ 15 ಜನರಲ್ಲಿ ಒಬ್ಬರು ಸಭಾಧ್ಯಕ್ಷರ ಪೀಠದಲ್ಲಿದ್ದಾರೆ ಎಂದುಕೊಳ್ಳಿ. ಮತಗಳು ಸಮಸಮವಾದಾಗ ಮಾತ್ರ ಅವರು ಮತ ಹಾಕುವುದರಿಂದ ಉಳಿಯುವ ಬಲ 14ಕ್ಕೆ 9. ಇಬ್ಬರು ಆಚೆ ಬದಿಗೆ ಸರಿದರೆ 12ಕ್ಕೆ 11 ಆಗಿ ಸರ್ಕಾರ ಉಸಿರು ಹಿಡಿದುಕೊಂಡು ನಿಲ್ಲುತ್ತದೆ, ಮೂರನೆಯವರೂ ಸರಿದರೆ 11ಕ್ಕೆ 12 ಆಗಿ ಬೀಳುತ್ತದೆ. ಹಾಗೆ ಸರಿಯುವವರನ್ನು ಅನರ್ಹಗೊಳಿಸುವ ಹತ್ತನೆಯ ಅನುಸೂಚಿ ಆಗ ಇರಲಿಲ್ಲ. ಅದು ಬಂದದ್ದು 1985ರ 52ನೇ ತಿದ್ದುಪಡಿಯಿಂದ.

ಆದರೆ ಆ ಸರ್ಕಾರದ ತಲೆಯ ಮೇಲೆ ಇನ್ನೊಂದು ಅಧಿಕಾರವಿತ್ತು. ‘ಸಿ’ ವರ್ಗದ ರಾಜ್ಯಗಳ 1951ರ ಕಾಯ್ದೆಯ ಪ್ರಕಾರ ಕೇಂದ್ರದ ಪರವಾಗಿ ಆಡಳಿತದ ಮುಖ್ಯಸ್ಥರಾಗಿದ್ದ ಮುಖ್ಯ ಆಯುಕ್ತರಿಗೂ ಮಂತ್ರಿಮಂಡಲಕ್ಕೂ ಭಿನ್ನಾಭಿಪ್ರಾಯ ಬಂದರೆ ವಿಷಯ ರಾಷ್ಟ್ರಪತಿಯವರ ಮುಂದೆ ಹೋಗಬೇಕಿತ್ತು. ಸಭೆ ಅಂಗೀಕರಿಸಿದ ಮಸೂದೆಗೂ ಅವರದೇ ಅಂಕಿತ ಬೇಕಿತ್ತು. ಅಂದರೆ ದೆಹಲಿಯ ಕೇಂದ್ರ ಸರ್ಕಾರದ ಮಾತೇ ಕೊನೆಯದು. ನನ್ನ ದೃಷ್ಟಿಯಲ್ಲಿ ಅದು ಅರೆ ಸಂಸದೀಯ ವ್ಯವಸ್ಥೆ. ಇಂದಿನ ರಾಜ್ಯಪಾಲರ ಸ್ಥಾನ ಬೇರೆ. ಸಾಮಾನ್ಯವಾಗಿ ಅವರು ಮಂತ್ರಿಮಂಡಲದ ಸಲಹೆಗೆ ಬದ್ಧರು. 1989ರಲ್ಲಿ ವಜಾಗೊಂಡ ನಮ್ಮ ರಾಜ್ಯದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದೂ ಇದಕ್ಕೆ ಪೂರಕವಾಗಿದೆ: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಈಗ 224ರಲ್ಲಿ ನಮ್ಮವು ಎರಡೇ ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. ಆದರೂ ಅದರಲ್ಲೊಂದರಿಂದ ಬಂದ ಕೆ.ಜಿ. ಬೋಪಯ್ಯನವರು ವಿಧಾನಸಭಾಧ್ಯಕ್ಷರಾಗಿದ್ದಾಗ, 2010ರಲ್ಲಿ, ವಿಶ್ವಾಸಮತದ ಹಿಂದಿನ ದಿನ 16 ಶಾಸಕರನ್ನು ಅನರ್ಹಗೊಳಿಸಿದ ಆದೇಶ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. ಹತ್ತನೆಯ ಅನುಸೂಚಿಯಡಿ ಸಭಾಧ್ಯಕ್ಷರು ನೀಡುವ ತೀರ್ಪು ನ್ಯಾಯಾಂಗ ವಿಮರ್ಶೆಗೆ ಒಳಪಟ್ಟದ್ದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಪೌರತ್ವ ಮತ್ತು ಸಮಾನತೆಯ ಅಧ್ಯಾಯಕ್ಕೆ ನಮ್ಮ ಮನೆಯ ಗೋಡೆಯ ಮೇಲಿನ ಕೋವಿಯೇ ಪಠ್ಯ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋದ್ ದಿನ ಹೂವಿಟ್ಟು ಪೂಜಿಸುವ ಆ ಕೋವಿಗೆ ಪರವಾನಗಿ ಇಲ್ಲ, ವಿನಾಯಿತಿ ಪತ್ರವಿದೆ. ಇದರ ಬೇರು ಹುಡುಕಿದರೆ ಮೂರು ಮೆಟ್ಟಿಲು ಸಿಗುತ್ತವೆ. ಶಸ್ತ್ರಾಸ್ತ್ರ ಕಾಯ್ದೆ, 1959 ಅನ್ನು ಮಾಡಿದ್ದು ಸಂಸತ್ತು. ಸಾರ್ವಜನಿಕ ಹಿತದೃಷ್ಟಿಯಿಂದ ಯಾವುದೇ ವರ್ಗದ ಜನರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅದರ 41ನೇ ಕಲಂ ಕೇಂದ್ರ ಸರ್ಕಾರಕ್ಕೆ ವಹಿಸಿತು. ಆ ಅಧಿಕಾರದಿಂದ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಅಧಿಸೂಚನೆಯ ಮೂಲಕ ವಿನಾಯಿತಿ ದೊರೆಯಿತು. ಈಗ ಜಾರಿಯಲ್ಲಿರುವುದು 2029ರವರೆಗಿನದು. ಆದ್ದರಿಂದ ‘ಸಂಸತ್ತು ನಮಗೆ ಕೋವಿ ಹಕ್ಕು ಕೊಟ್ಟಿದೆ’ ಎಂದು ಬರೆದರೆ ತಪ್ಪಾಗುತ್ತದೆ. ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ 14ನೇ ವಿಧಿ ಇರುವಾಗ ಕೆಲವರಿಗೆ ಮಾತ್ರ ಈ ಸವಲತ್ತು ಹೇಗೆ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಸಮಂಜಸ ಆಧಾರವಿದ್ದರೆ ಜನರನ್ನು ವರ್ಗೀಕರಿಸುವುದನ್ನು 14ನೇ ವಿಧಿ ತಡೆಯುವುದಿಲ್ಲ, ಮನಬಂದಂತೆ ಭೇದ ಮಾಡುವುದನ್ನು ಮಾತ್ರ ತಡೆಯುತ್ತದೆ.

2029ರ ನಂತರ ಏನು ಎಂದು ಯಾರನ್ನು ಕೇಳಬೇಕು? ನಮ್ಮೂರಿನಲ್ಲಿ ಇಂಥ ಮನವಿಗಳೆಲ್ಲ ಮೊದಲು ಶಾಸಕರ ಕೈಗೇ ಹೋಗುತ್ತವೆ. ಶಸ್ತ್ರಾಸ್ತ್ರ ಎಂಬುದು ಕೇಂದ್ರ ಪಟ್ಟಿಯ 5ನೇ ವಿಷಯವಾದುದರಿಂದ ಅದಕ್ಕೆ ಉತ್ತರಿಸಬೇಕಾದವರು ಕೇಂದ್ರದ ಮಂತ್ರಿಗಳು. ಲೋಕಸಭೆಯಲ್ಲಿ ಎದ್ದು ನಿಂತು ಅವರನ್ನು ಕೇಳಬೇಕಾದವರು ಮೈಸೂರು–ಕೊಡಗಿನ ಸಂಸದರು.